ಗೋಡೆಗೆ ಮುಖ ಮಾಡಿ ಕೂತವರ ದನಿ

ಪುಸ್ತಕಗಳನ್ನು ಗಟ್ಟಿಯಾಗಿ ಓದುವುದು ನನ್ನ ಕೆಲಸವಾಗಿತ್ತು. ರೇಡಿಯೋದಲ್ಲಿ ಹಂಗಾಮಿ ಉದ್ಘೋಷಕಿಯಾಗಿ ಬಹಳ ವರ್ಷ ದುಡಿದವಳು, ಆಮೇಲೆ ಕೇಳುಪುಸ್ತಕ ಮಾಡುವ ಒಂದು ಸಣ್ಣ ಸಂಸ್ಥೆಗೆ ಮನೆಯಿಂದಲೇ ಓದಿ ಕಳಿಸುತ್ತಿದ್ದೆ. ಮಲ್ಲೇಶ್ವರದ ನಮ್ಮ ಮನೆ ಸಂಪಿಗೆ ರಸ್ತೆಯಿಂದ ಎರಡು ತಿರುವು ಒಳಗೆ. ಉಗ್ರಾಣದ ಡಬ್ಬಗಳನ್ನೆಲ್ಲ ಅಡುಗೆಮನೆಗೆ ಸಾಗಿಸಿ, ಗೋಡೆಗಳಿಗೆ ಹಳೆಯ ಹಾಸಿಗೆ, ರಜಾಯಿ ಕಟ್ಟಿ, ಅಲ್ಲೊಂದು ಮೈಕು ಇಟ್ಟುಕೊಂಡಿದ್ದೆ. ಹಗಲಿಡೀ ಪಕ್ಕದ ಮನೆಯ ಮಿಕ್ಸಿ, ಕುಕ್ಕರಿನ ಸೀಟಿ, ತರಕಾರಿ ಗಾಡಿಯ ಮೈಕು. ಹಾಗಾಗಿ ಬೆಳಗಿನ ಜಾವ ಎದ್ದು, ಹಾಲಿನ ಗಾಡಿ ಬರುವುದರೊಳಗೆ ಓದಿ ಮುಗಿಸಬೇಕು. ಬೇಸಿಗೆಯಲ್ಲಿ ಅದಕ್ಕೂ ಕಲ್ಲು ಬೀಳುತ್ತಿತ್ತು. ಎದುರು ಮನೆಯ ಮಾವಿನ ಮರದಲ್ಲಿ ಕೋಗಿಲೆ ಶುರು ಮಾಡುತ್ತಿತ್ತು. ಕೋಗಿಲೆಯನ್ನು ನನ್ನಷ್ಟು ಬೈದವರು ಈ ಊರಲ್ಲಿ ಇರಲಿಕ್ಕಿಲ್ಲ.

ಸಾಂಸಾರಿಕ ಕಾದಂಬರಿ, ಪುರಾಣದ ಕಥೆ, ಮಕ್ಕಳ ಕಥೆ, ಇವು ನನಗೆ ಬರುತ್ತಿದ್ದ ಪುಸ್ತಕಗಳು. ಹಾಗಿರುವಾಗ ಒಂದು ದಿನ ಸಂಸ್ಥೆಯವರು ಕಳಿಸಿದ್ದು ಬಾಹ್ಯಾಕಾಶದ ದಪ್ಪ ಕಾದಂಬರಿ. ಬರೆದವಳು ಮಾವಳ್ಳಿಯ ಹುಡುಗಿ, ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಹಸ್ತಪ್ರತಿ ಕೊಡಲು ತಾನೇ ಬಂದಳು. ಕಾಫಿ ಲೋಟ ಕೈಗೆ ತೆಗೆದುಕೊಳ್ಳುವ ಮೊದಲೇ ಹೇಳಿದಳು.

"ಮೇಡಂ, ಇದ್ರಲ್ಲಿ ಯಾರಿಗೂ ಒಳ್ಳೇದಾಗಲ್ಲ. ಮೊದ್ಲೇ ಹೇಳ್ಬಿಡ್ತೀನಿ. ಬೇಜಾರಾದ್ರೆ ಬೇಡ ಅಂದ್ಬಿಡಿ."

ಓದಿ ನೋಡಿದೆ. ಸೂರ್ಯನ ಬೆಳಕು ಮುಟ್ಟದಷ್ಟು ದೂರದಲ್ಲಿ ಅದಿರು ಹುಡುಕುವ ಒಂದು ನೌಕೆ. ಅದರಲ್ಲಿ ಒಂಬತ್ತು ಜನ, ಒಬ್ಬಳು ಕ್ಯಾಪ್ಟನ್. ಹಿಮ ಕವಿದ ಒಂದು ಉಪಗ್ರಹದೊಳಗೆ ಅವರಿಗೆ ಪಾಳುಬಿದ್ದ ನಗರ ಸಿಗುತ್ತದೆ. ಮನುಷ್ಯ ಹುಟ್ಟುವುದಕ್ಕೆ ಎಷ್ಟೋ ಮುಂಚೆ ಯಾರೋ ಕಟ್ಟಿದ್ದು. ಮನೆಗಳಿಲ್ಲ, ಬೀದಿಗಳಿಲ್ಲ. ಲಕ್ಷಾಂತರ ಕಲ್ಲಿನ ಆಸನಗಳು ಮಾತ್ರ, ಎಲ್ಲವೂ ಒಂದೇ ಗೋಡೆಯ ಕಡೆಗೆ ತಿರುಗಿವೆ. ಕೂತವರು ಯಾರು, ಎಲ್ಲಿಗೆ ಹೋದರು ಎಂದು ಹುಡುಕುತ್ತ ಹುಡುಕುತ್ತ ನೌಕೆಯವರು ಒಬ್ಬೊಬ್ಬರಾಗಿ ಆ ಆಸನಗಳಲ್ಲಿ ಹೋಗಿ ಕೂರುತ್ತಾರೆ, ಮತ್ತೆ ಏಳುವುದಿಲ್ಲ. ಮೂರನೆಯವನು ಕೂತ ಅಧ್ಯಾಯ ಓದಿದ ದಿನ ನಾನು ಹುಳಿಗೆ ಉಪ್ಪು ಹಾಕಲು ಮರೆತೆ. ಒಪ್ಪಿಕೊಂಡೆ.

ಕಷ್ಟವಾದದ್ದು ಆ ನಗರ ಕಟ್ಟಿದ ಪುರಾತನರ ದನಿ. ಗೋಡೆಯೊಳಗಿಂದ ಅವರು ಆಗಾಗ ಮಾತಾಡುತ್ತಾರೆ. ಹೇಗಿರಬೇಕು ಎಂದು ಫೋನಿನಲ್ಲಿ ಕೇಳಿದೆ.

"ಗಂಡಸೂ ಅಲ್ಲ, ಹೆಂಗಸೂ ಅಲ್ಲ ಮೇಡಂ. ವಯಸ್ಸೂ ಗೊತ್ತಾಗ್ಬಾರ್ದು. ಲಕ್ಷಾಂತರ ವರ್ಷ ಮಾತಾಡ್ದೇ ಇದ್ದೋರು ಮೊದಲ್ನೇ ಸಲ ಬಾಯಿ ಬಿಟ್ಟ ಹಾಗಿರ್ಬೇಕು."

ಹತ್ತು ಬಗೆಯಲ್ಲಿ ಪ್ರಯತ್ನಪಟ್ಟೆ. ಕೊನೆಗೊಂದು ಬೆಳಿಗ್ಗೆ, ಗಂಟಲಿನ ತಳದಿಂದ ಒರಟಾದ, ಸೀಳು ಸೀಳಾದ ಒಂದು ಸ್ವರ ತಾನಾಗಿ ಎದ್ದು ಬಂತು. ಅಷ್ಟು ಕೆಳಗೆ ನನ್ನ ದನಿ ಇಳಿಯಬಲ್ಲದೆಂದು ನನಗೇ ಗೊತ್ತಿರಲಿಲ್ಲ. ಹೊರಗೆ ಹಲ್ಲುಜ್ಜುತ್ತಿದ್ದ ನನ್ನ ಯಜಮಾನರು ಬ್ರಷ್ ಹಿಡಿದೇ ಓಡಿ ಬಂದು ಬಾಗಿಲು ತಟ್ಟಿದರು.

"ಲೇ, ಯಾರೇ ಅದು ಒಳಗೆ?"

ನಾನು ನಕ್ಕು ನಕ್ಕು ಸುಸ್ತಾದೆ. ಹುಡುಗಿಗೆ ಕಳಿಸಿದಾಗ ಅವಳು, "ಮೇಡಂ, ಇದೇ, ಇದೇ" ಎಂದು ಕೂಗಿಬಿಟ್ಟಳು. ಇಷ್ಟು ವರ್ಷ ಓದಿದ್ದರಲ್ಲಿ ಇದೇ ನನ್ನ ದೊಡ್ಡ ಸಾಧನೆ ಅಂದುಕೊಂಡೆ.

ಸ್ವಲ್ಪ ದಿನಕ್ಕೆ ಗಂಟಲು ಕಟ್ಟಿತು. ಆ ದನಿ ಎಳೆದೆಳೆದು ಮಾಡಿದ್ದರಿಂದಲೇ ಹೀಗಾಗಿದೆ ಎಂದು ಉಪ್ಪುನೀರು ಮುಕ್ಕಳಿಸಿದೆ, ಜೇಷ್ಠಮಧು ಅಗಿದೆ, ಶುಂಠಿ ಕಷಾಯ ಕುಡಿದೆ. ವಾರ ಬಿಟ್ಟು ಓದಿದರೆ ಅರ್ಧ ಪುಟಕ್ಕೆ ಸ್ವರ ಒಡೆಯುತ್ತಿತ್ತು. ನುಂಗುವಾಗ ಕಿವಿಯವರೆಗೆ ನೋವು. ತಿಂಗಳುಗಟ್ಟಲೆ ಹೀಗೇ ಆದ ಮೇಲೆ ಯಜಮಾನರು ಗದರಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಿದ ಡಾಕ್ಟರಮ್ಮ ಮತ್ತೊಮ್ಮೆ ಇಳಿಸಿ ನೋಡಿದರು. ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು, ಸ್ಕ್ಯಾನು ಮಾಡಿಸಿದರು. ಕ್ಯಾನ್ಸರ್.

"ಗಡ್ಡೆ ಧ್ವನಿಪೆಟ್ಟಿಗೆ ದಾಟಿ ಹೊರಗೆ ಬಂದಿದೆ ಅಮ್ಮಾ. ಬರೀ ಕರೆಂಟ್, ಅಂದ್ರೆ ರೇಡಿಯೇಷನ್ ಕೊಟ್ಟು ವಾಸಿ ಮಾಡೋ ಹಂತ ಮುಗಿದಿದೆ. ಧ್ವನಿಪೆಟ್ಟಿಗೆ ಪೂರ್ತಿ ತೆಗೀಬೇಕು."

"ನಾನು ಬೀಡಿ ಸಿಗರೇಟು ಮುಟ್ಟಿದವಳಲ್ಲ," ಅಂದೆ.

"ಮುಟ್ಟದೇ ಇರೋರಿಗೂ ಒಬ್ಬೊಬ್ಬರಿಗೆ ಬರುತ್ತೆ. ಯಾಕೆ ಅಂತ ಹೇಳಕ್ಕಾಗಲ್ಲ."

"ನಾನೊಂದು ಒರಟು ದನಿ ಮಾಡ್ತಿದ್ದೆ ಡಾಕ್ಟ್ರೇ, ಒಂದು ಕಾದಂಬರಿಗೆ. ಅದ್ರಿಂದ ಬಂತಾ?"

ಅವರು ವಿವರವಾಗಿ ಕೇಳಿಕೊಂಡರು. ನಾನು ಆ ದನಿಯಲ್ಲಿ ಒಂದು ವಾಕ್ಯ ಹೇಳಿಯೂ ತೋರಿಸಿದೆ. ಅವರು ಮೇಜಿನ ಮೇಲಿದ್ದ ನನ್ನ ಕೈ ಹಿಡಿದುಕೊಂಡರು.

"ಅದ್ರಿಂದ ಕಾಯಿಲೆ ಬಂದಿಲ್ಲ. ಕಾಯಿಲೆ ಆಗ್ಲೇ ಒಳಗಿತ್ತು. ನಿಮಗೆ ಅಷ್ಟು ಕೆಳಗಿನ ಸ್ವರ ಸಿಕ್ಕಿದ್ದು ಬಹುಶಃ ಅದ್ರಿಂದಲೇ."

ಮನೆಗೆ ಬರುವಾಗ ಆಟೋದಲ್ಲಿ ಯಜಮಾನರು ಏನೇನೋ ಧೈರ್ಯ ಹೇಳುತ್ತಿದ್ದರು. ನಾನು ಬೆನ್ನು ತಟ್ಟಿಕೊಂಡಿದ್ದ ಆ ದನಿ ನನ್ನದಾಗಿರಲಿಲ್ಲ, ನನ್ನೊಳಗೆ ಕೂತಿದ್ದ ಗಡ್ಡೆಯದಾಗಿತ್ತು. ಈ ಒಂದು ಯೋಚನೆ ಬಿಟ್ಟು ಬೇರೇನೂ ನನ್ನ ತಲೆಗೆ ಹತ್ತಲಿಲ್ಲ.

ಆಪರೇಷನ್ ಮುಂದಿನ ವಾರಕ್ಕೆ ಗೊತ್ತಾಯಿತು. ಐದು ಅಧ್ಯಾಯ ಬಾಕಿ ಇದ್ದವು. ಓದುವುದರಿಂದ ಕಾಯಿಲೆ ಹೆಚ್ಚುವುದಿಲ್ಲ, ಆದರೆ ಉಸಿರಿಗೆ ತೊಂದರೆಯಾದರೆ ತಕ್ಷಣ ಬರಬೇಕು ಎಂದಿದ್ದರು ಡಾಕ್ಟರಮ್ಮ. ನಾನು ಹಗಲು ರಾತ್ರಿ ನೋಡದೆ ಕೋಣೆ ಸೇರಿದೆ. ಮಿಕ್ಸಿ ಬಂದರೆ ಬರಲಿ, ಕೋಗಿಲೆ ಕೂಗಿದರೆ ಕೂಗಲಿ. ಎರಡು ಸಾಲು ಓದುವುದು, ನೀರು ಕುಡಿಯುವುದು, ಮತ್ತೆ ಎರಡು ಸಾಲು. ರಕ್ತದ ಎಳೆ ಬೆರೆತ ಕಫ ಉಗುಳಿ ಬಂದು ಮತ್ತೆ ಕೂರುತ್ತಿದ್ದೆ. ಯಜಮಾನರು ಬಾಗಿಲಲ್ಲಿ ನಿಂತು ಕೂಗಾಡಿದರು.

"ಆ ಹಾಳು ಪುಸ್ತಕಕ್ಕೋಸ್ಕರ ಸಾಯ್ತೀಯೇನೇ? ಇರೋ ನಾಲ್ಕು ದಿನ ನನ್ನ ಹತ್ರ ಮಾತಾಡೋಕೆ ಆಗಲ್ವಾ ನಿನಗೆ?"

ಉತ್ತರ ಕೊಟ್ಟರೆ ಒಂದು ಸಾಲಿನಷ್ಟು ದನಿ ಖರ್ಚಾಗುತ್ತದೆಂದು ಲೆಕ್ಕ ಹಾಕಿದೆ. ಅವರು ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಕುಕ್ಕಿ ಕುಕ್ಕಿ ಇಡುತ್ತಿದ್ದುದು ರೆಕಾರ್ಡಿಂಗಿನಲ್ಲಿ ಸೇರಿಕೊಂಡಿತು. ಅದನ್ನು ಅಳಿಸಿ ಮತ್ತೆ ಓದಿದೆ.

ಕೊನೆಯ ಅಧ್ಯಾಯಕ್ಕೆ ಬರುವ ಹೊತ್ತಿಗೆ ಗಾಳಿ ಮಾತ್ರ ಉಳಿದಿತ್ತು. ಯಜಮಾನರೇ ಫೋನು ಮಾಡಿ ಆ ಹುಡುಗಿಯನ್ನು ಕರೆಸಿದರು. ಅವಳು ಸ್ಕೂಲಿನಿಂದ ನೇರ ಬಂದಳು, ಕೈಯಲ್ಲೆಲ್ಲ ಸೀಮೆಸುಣ್ಣದ ಪುಡಿ. ನನ್ನನ್ನು ನೋಡಿದ ಕೂಡಲೇ ಅತ್ತಳು.

"ಮೇಡಂ, ನಿಲ್ಸಿ ಸಾಕು. ಕೊನೇ ಅಧ್ಯಾಯ ಚಿಕ್ಕದು ಮಾಡ್ತೀನಿ. ಒಂದೇ ಪುಟ. ಕ್ಯಾಪ್ಟನ್‌ನ ಬದುಕಿಸಿ ಭೂಮಿಗೆ ಕಳಿಸ್ಬಿಡ್ತೀನಿ. ನಿಮಗೋಸ್ಕರ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಆ ಅಧ್ಯಾಯದಲ್ಲಿ ಕಥೆಯ ಗುಟ್ಟು ಬಿಚ್ಚಿಕೊಳ್ಳುತ್ತದೆ. ಆ ಪುರಾತನರು ಎಲ್ಲಿಗೂ ಹೋಗಿರುವುದಿಲ್ಲ. ಗೋಡೆಯ ಆಚೆ ಇರುವ ಯಾವುದೋ ಒಂದು ಈಚೆ ಬರದಂತೆ, ಇಡೀ ಕುಲವೇ ಅದನ್ನು ನೋಡುತ್ತ ಕೂತು, ಕೂತಲ್ಲೇ ಧೂಳಾಗಿರುತ್ತದೆ, ದನಿ ಮಾತ್ರ ಗೋಡೆಯೊಳಗೆ ಉಳಿದಿರುತ್ತದೆ. ಈಗ ನೋಡುವವರು ಯಾರೂ ಉಳಿದಿಲ್ಲವೆಂದು ತಿಳಿದ ಕ್ಯಾಪ್ಟನ್ ತಾನೇ ಹೋಗಿ ಮೊದಲ ಸಾಲಿನಲ್ಲಿ ಕೂರುತ್ತಾಳೆ. ಅವಳನ್ನು ವಿಮಾನ ಹತ್ತಿಸಿದ ಹಾಗೆ ಊರಿಗೆ ಕಳಿಸಿಬಿಡುವುದೇ?

"ಬೇಡ," ಅಂದೆ. ಅದು ಅವಳಿಗೆ ಕೇಳಿಸಲಿಲ್ಲ. ಹಾಳೆಗಳನ್ನು ಎದೆಗವಚಿಕೊಂಡು ತಲೆಯಾಡಿಸಿದೆ.

ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿದೆ. ಕ್ಯಾಪ್ಟನ್ ಕಡೆಯ ಸಹಚರನ ಕಣ್ಣು ಮುಚ್ಚಿಸುವವರೆಗೆ ಬಂದೆ. ಮುಂದಿನ ವಾಕ್ಯಕ್ಕೆ ಉಸಿರೆಳೆದರೆ ಉಸಿರು ಒಳಗೆ ಬರಲಿಲ್ಲ. ಗಂಟಲಲ್ಲಿ ಸೀಟಿಯಂಥ ಸದ್ದು. ಹುಡುಗಿ "ಸರ್, ಸರ್" ಎಂದು ಕಿರುಚಿದಳು. ಯಜಮಾನರು ನನ್ನನ್ನು ತಬ್ಬಿ ಎತ್ತಿಕೊಂಡು ಬಂದು ಆಟೋದಲ್ಲಿ ಕೂರಿಸಿದರು. ಸಂಪಿಗೆ ರಸ್ತೆಯಲ್ಲಿ ಸಂಜೆಯ ಜನ, ಹೂವಿನ ಬುಟ್ಟಿ, ಬಸ್ಸು, ಸ್ಕೂಟರು. ಆಟೋದವನು ಹಾರ್ನಿನ ಮೇಲಿಟ್ಟ ಕೈ ತೆಗೆಯಲೇ ಇಲ್ಲ. ನಾನು ಕಿಟಕಿಯಿಲ್ಲದ ಆ ಗಾಡಿಯ ಕಂಬಿ ಹಿಡಿದು, ಗಾಳಿಗೆ ಬಾಯೊಡ್ಡಿ, ಒಂದಿಷ್ಟು ಉಸಿರು ಸಿಕ್ಕಾಗ ಯಜಮಾನರನ್ನು ಕೇಳಿದೆ.

"ಬಾಗಿಲು ಹಾಕಿದ್ರಾ?"

ನನ್ನ ದನಿಯಲ್ಲಿ ನಾನು ಆಡಿದ ಕೊನೆಯ ಮಾತು ಅದು. ಆಸ್ಪತ್ರೆಗೆ ಹೋದ ಕೂಡಲೇ ಕುತ್ತಿಗೆಗೆ ತೂತು ಮಾಡಿ ನಳಿಗೆ ಇಳಿಸಿದರು. ಎಷ್ಟೋ ಸಾವಿರ ಪುಟ ಓದಿದವಳು, ಕಟ್ಟಿಕೊಂಡ ಗಂಡನಿಗೆ ಒಂದು ಒಳ್ಳೆಯ ಮಾತು ಹೇಳದೆ ಚಿಲಕ ವಿಚಾರಿಸಿದೆ. ಅವರು ಮಾತ್ರ, "ಹಾಕಿದೀನಿ, ಹಾಕಿದೀನಿ ಕಣೇ" ಎಂದು ದಾರಿಯುದ್ದಕ್ಕೂ ಹೇಳುತ್ತಲೇ ಇದ್ದರು.

ಆಪರೇಷನ್ ಆಯಿತು. ಆಮೇಲೆ ಕರೆಂಟೂ ಕೊಟ್ಟರು. ಈಗ ಉಸಿರಾಡುವುದು ಕುತ್ತಿಗೆಯ ತೂತಿನಿಂದ. ಒಳಗೊಂದು ಪುಟ್ಟ ಕವಾಟ ಇಟ್ಟಿದ್ದಾರೆ. ತೂತಿಗೆ ಬೆರಳು ಒತ್ತಿ ಹಿಡಿದರೆ ಮಾತಿನಂಥದ್ದು ಬರುತ್ತದೆ. ಫೋನು ಎತ್ತಿದರೆ ಆ ಕಡೆಯವರು "ಯಾರ್ ಸಾರ್ ಮಾತಾಡ್ತಿರೋದು?" ಎನ್ನುತ್ತಾರೆ. ಈಗೀಗ ಎತ್ತುವುದನ್ನೇ ಬಿಟ್ಟಿದ್ದೇನೆ. ಉಗ್ರಾಣಕ್ಕೆ ಡಬ್ಬಗಳು ಮರಳಿ ಬಂದಿವೆ. ಕಾಯಿಲೆ ಮತ್ತೆ ಬರುವುದಿಲ್ಲ ಎಂದು ಡಾಕ್ಟರಮ್ಮ ಹೇಳುವುದಿಲ್ಲ, ಬರುತ್ತದೆ ಎಂದೂ ಹೇಳುವುದಿಲ್ಲ.

ನಾನು ಬಿಟ್ಟ ಜಾಗದಿಂದ ಆ ಹುಡುಗಿಯೇ ಕೊನೆಯವರೆಗೆ ಓದಿದ್ದಳು. ಸಂಸ್ಥೆಯವರು ಬೇರೆ ಕಲಾವಿದೆಯಿಂದ ಪೂರ್ತಿ ಓದಿಸೋಣ ಎಂದರೂ ಅವಳು ಒಪ್ಪಲಿಲ್ಲವಂತೆ. ಪುಸ್ತಕ ಹೊರಬಂದ ದಿನ ಯಜಮಾನರ ಫೋನಿಗೆ ಕಳಿಸಿದಳು. ಬಹಳ ದಿನ ನಾನು ಅದನ್ನು ಮುಟ್ಟಲಿಲ್ಲ. ಅವರು ಇಯರ್‌ಫೋನ್ ಕಿವಿಗೆ ಸಿಕ್ಕಿಸಿಕೊಂಡು ಜಗಲಿಯಲ್ಲಿ ಕೂತು ಕೇಳುತ್ತಿದ್ದುದು ಗೊತ್ತಿತ್ತು. ಕೇಳಿದ ಮೇಲೆ ಮುಖ ತೊಳೆದುಕೊಂಡೇ ಒಳಗೆ ಬರುತ್ತಿದ್ದರು.

ಕಳೆದ ತಿಂಗಳು ಒಂದು ಮಧ್ಯಾಹ್ನ ನಾನೂ ಅದನ್ನು ಕಿವಿಗೆ ಸಿಕ್ಕಿಸಿಕೊಂಡು ಕೊನೆಯ ಅಧ್ಯಾಯ ಮಾತ್ರ ಹಾಕಿಕೊಂಡೆ. ನನ್ನ ದನಿ ಸಣ್ಣಗೆ ಸವೆಯುತ್ತ ಸವೆಯುತ್ತ ಬಂದು ನಿಂತಿತು. ಆಮೇಲೆ ಅವಳದು. ಪಾಠ ಹೇಳುವ ಓದು, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ಓಡುತ್ತಾಳೆ. ಆದರೂ ಕ್ಯಾಪ್ಟನ್ ಕಲ್ಲಿನ ಮೇಲೆ ಕೂತಳು, ಗೋಡೆಯತ್ತ ನೋಡಿದಳು, ಕಥೆ ಮುಗಿಯಿತು. ನನಗೆ ಅಳು ಒತ್ತರಿಸಿ ಬಂತು. ಬಾಯಿ ತೆರೆದು ಅತ್ತೆ, ತೂತಿಗೆ ಬೆರಳು ಹಿಡಿಯಲೂ ಆಗದಷ್ಟು ಮೈಯೆಲ್ಲ ಅದುರುವಂತೆ ಅತ್ತೆ. ಸದ್ದೇ ಇಲ್ಲ. ಹೀಗಾದವರ ಅಳುವಿಗೂ ದನಿಯಿರುವುದಿಲ್ಲ ಎಂದು ಯಾರೂ ನನಗೆ ಹೇಳಿರಲಿಲ್ಲ.

ಯಜಮಾನರು ಅಡುಗೆಮನೆಯಲ್ಲಿ ನನಗೆ ಬೆನ್ನು ಹಾಕಿ ಅಕ್ಕಿ ತೊಳೆಯುತ್ತಿದ್ದರು. ನಾಲ್ಕೇ ಹೆಜ್ಜೆ ದೂರ. ಅವರಿಗೆ ಏನೂ ಗೊತ್ತಾಗಲಿಲ್ಲ. ನಾನು ಪಕ್ಕದಲ್ಲಿದ್ದ ಸ್ಟೀಲ್ ಲೋಟ ಎತ್ತಿ ನೆಲಕ್ಕೆ ಬಡಿದೆ, ಅವರು ತಿರುಗುವವರೆಗೂ ಬಡಿದೆ.