ರವಾಕಾ ಕಲಿತ ಭೂತಕಾಲ

ರವಾಕಾ ನಾರ್ವೆಯ ನಮ್ಮ ಬ್ರೂನೆ ಊರಿಗೆ ಬಂದದ್ದು ಮಡಗಾಸ್ಕರ್‌ನ ಅಂತ್ಸಿರಾಬೆ ಊರಿನಿಂದ. ಸ್ತವಾಂಗರ್ ವಿಶ್ವವಿದ್ಯಾಲಯದಲ್ಲಿ ಜೀವಶಾಸ್ತ್ರಕ್ಕೆ ಸೀಟು ಸಿಕ್ಕಿತ್ತು, ಆದರೆ ಆ ಊರಲ್ಲಿ ಕೋಣೆ ಸಿಗಲಿಲ್ಲ. ಹಾಗಾಗಿ ಇಲ್ಲಿ ಸೋಲ್‌ಫ್ರಿಡ್ ಎಂಬಾಕೆಯ ಮನೆಯ ಕೆಳಗಿನ ಕೋಣೆ ಹಿಡಿದು ದಿನಾ ರೈಲಿನಲ್ಲಿ ಓಡಾಡುತ್ತಿದ್ದಳು. ಸೋಲ್‌ಫ್ರಿಡ್‌ಗೆ ಅರವತ್ತು ದಾಟಿತ್ತು. ಮದುವೆಯಾಗಿರಲಿಲ್ಲ, ಶಾಲೆಯ ಬಸ್ಸು ಓಡಿಸುತ್ತಿದ್ದಳು. ನಾನು ಲಿಥುವೇನಿಯಾದವಳು, ಹೆಸರು ಎಗ್ಲೆ. ಆಗ ಟೊಮೇಟೊ ಬೆಳೆಯುವ ಗಾಜಿನ ಮನೆಯಲ್ಲಿ ದುಡಿದು ಸಂಜೆ ನಾರ್ವೇಜಿಯನ್ ತರಗತಿಗೆ ಹೋಗುತ್ತಿದ್ದೆ. ರವಾಕಾ ನನ್ನ ಪಕ್ಕದಲ್ಲೇ ಕೂರುತ್ತಿದ್ದಳು.

ನಮ್ಮಿಬ್ಬರಲ್ಲಿ ಓದಿನಲ್ಲಿ ಚುರುಕು ಅವಳೇ. ಆದರೆ ಒಂದು ಕಡೆ ತಡವರಿಸುತ್ತಿದ್ದಳು. ಇಲ್ಲಿ ಹಿರಿಯರು, ಕಿರಿಯರು, ಮೇಷ್ಟ್ರು, ಪಾದ್ರಿ ಎಲ್ಲರಿಗೂ ‘ನೀನು’ ಅಂತಲೇ ಅನ್ನಬೇಕು. ಅವಳ ಊರಿನಲ್ಲಿ ದೊಡ್ಡವರ ಮುಂದೆ ನಡೆದು ಹೋಗುವಾಗಲೂ ಬೆನ್ನು ಬಗ್ಗಿಸಿ ಅಪ್ಪಣೆ ಕೇಳುವ ರೂಢಿ. ಸೋಲ್‌ಫ್ರಿಡ್‌ಳನ್ನು ಬರೀ ಹೆಸರು ಹಿಡಿದು ಕರೆಯಲಾಗದೆ ಮೊದಲ ತಿಂಗಳೆಲ್ಲ ಕರೆಯುವುದೇ ಬೇಡವೆಂದು ಎದುರಿಗೆ ಹೋಗಿ ನಿಲ್ಲುತ್ತಿದ್ದಳು.

“ಬೆಕ್ಕಿನ ಹಾಗೆ ಬಂದು ನಿಲ್ತೀಯಲ್ಲ, ಬಾಯಿ ಬಿಟ್ಟು ಸೋಲ್‌ಫ್ರಿಡ್ ಅನ್ನು. ನಾನೇನು ಮಹಾರಾಣಿನಾ?” ಅಂದಳಂತೆ ಸೋಲ್‌ಫ್ರಿಡ್.

ಇನ್ನೊಂದು ಕಷ್ಟವೂ ಇತ್ತು. ಪುಸ್ತಕದ ಭಾಷೆಯೇ ಬೇರೆ, ನಮ್ಮ ಯೇರೆನ್ ಬಯಲಿನ ಮಾತೇ ಬೇರೆ. ‘ನಾನು’ ಅನ್ನುವುದಕ್ಕೆ ಪುಸ್ತಕದಲ್ಲಿ ‘ಯಾಯ್’, ಇಲ್ಲಿಯವರ ಬಾಯಲ್ಲಿ ‘ಎಗ್’. ಪಕ್ಕದ ಮನೆಯ ಟೋರಲ್ಫ್ ಕುರಿ ಸಾಕುವವನು. ರವಾಕಾ ಪುಸ್ತಕದ ಹಾಗೆ ಮಾತಾಡಿದರೆ, “ಏನಮ್ಮಾ, ಆಸ್ಲೋ ರೇಡಿಯೋದವಳು ನಮ್ಮ ಬೇಲಿ ಹತ್ತಿರ ಬಂದುಬಿಟ್ಟಿದ್ದಾಳೆ” ಎಂದು ಚುಡಾಯಿಸುತ್ತಿದ್ದ. ಅವಳು ನಕ್ಕು, ಆ ಮಾತನ್ನೇ ಮೆಲ್ಲಗೆ ಅವನ ಉಚ್ಚಾರದಲ್ಲಿ ತಿರುಗಿ ಹೇಳಿ ಕಲಿಯುತ್ತಿದ್ದಳು. ಸೋಲ್‌ಫ್ರಿಡ್ ಅವಳನ್ನು ಊರಿನ ಹಾಡುಬಳಗಕ್ಕೂ ಸೇರಿಸಿದಳು. ಅರ್ಥ ಗೊತ್ತಿಲ್ಲದ ಹಾಡನ್ನೂ ರವಾಕಾ ಕೆಳದನಿಯಲ್ಲಿ ತಪ್ಪಿಲ್ಲದೆ ಹಿಡಿಯುತ್ತಿದ್ದಳು. ಗಾಳಿ ಬೀಸಿ ಮಳೆ ಅಡ್ಡಕ್ಕೆ ಹೊಡೆಯುವ ದಿನವೂ ಭಾನುವಾರ ಎಲ್ಲರ ಜೊತೆ ಸಮುದ್ರದ ದಂಡೆಗೆ ನಡೆದು ಬರುತ್ತಿದ್ದಳು.

ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಅವಳ ಅಣ್ಣ ನಿರಿನಾ ಫೋನ್ ಮಾಡಿದ. ಅಮ್ಮನಿಗೆ ಜ್ವರ ಬಂದಿತ್ತು, ಆಸ್ಪತ್ರೆಗೆ ಸೇರಿಸಿದ್ದೆವು, ಉಳಿಯಲಿಲ್ಲ ಎಂದ. ಮಣ್ಣು ಮಾಡಿದ ಮೇಲೆ ಅವನು ಫೋನ್ ಮಾಡಿದ್ದು. “ನೀನು ಹೊರಟಿದ್ರೂ ಮುಟ್ತಾ ಇರಲಿಲ್ಲ. ಓದು ಮುಗಿಸಿಕೊಂಡು ಬಾ. ಅಮ್ಮನೂ ಅದನ್ನೇ ಹೇಳ್ತಾ ಇದ್ದಳು” ಎಂದ. ಅವಳು ಸರಿ ಅಂದಳು. ಫೋನ್ ಇಟ್ಟು, ನೆನೆಹಾಕಿದ್ದ ಬಟ್ಟೆ ಒಗೆದು ಹರವಿದಳು. ಸಂಜೆ ಹಾಡಿನ ಅಭ್ಯಾಸವಿತ್ತು, ಹೋದಳು. ಮಧ್ಯೆ ಕಾಫಿ ಕೊಟ್ಟರು, ಕುಡಿದಳು. ಯಾರೋ ಅಂಗಿ ಚೆನ್ನಾಗಿದೆ ಅಂದರೆ ಥ್ಯಾಂಕ್ಸ್ ಅಂದಳು.

ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಆ ವಾರವೂ ನನ್ನ ಪಕ್ಕವೇ ಕೂತು ಲೆಕ್ಕ ಬಿಡಿಸುವವಳ ಹಾಗೆ ಕ್ರಿಯಾಪದಗಳನ್ನು ತಿದ್ದುತ್ತಿದ್ದಳು. ಅಳು ಬರಲಿಲ್ಲವಂತೆ. ಅನ್ನ ಮಾಡಿ ಅರ್ಧ ತಿಂದು ಮುಚ್ಚಿಡುವುದು, ರೈಲು ಹತ್ತುವುದು, ಇಳಿಯುವುದು. ಕೈಗೆ ಬಿಸಿನೀರು ತಾಕಿದರೂ ಯಾರದೋ ಕೈಗೆ ತಾಕಿದ ಹಾಗಿತ್ತು ಅಂದಳು. ಮನೆಯ ಭಾಷೆಯಲ್ಲಿ ಆ ಸುದ್ದಿಯನ್ನು ತನಗೆ ತಾನೇ ಹೇಳಿಕೊಳ್ಳಲೂ ಆಗಲಿಲ್ಲ. ಇಲ್ಲಿಯ ಭಾಷೆಯಲ್ಲಿ ಯಾರೂ ಕೇಳಲಿಲ್ಲ. ಇಲ್ಲಿ ಜನ ಹೇಳದೆ ಕೇಳುವುದಿಲ್ಲ. ನೀನು ಸುಮ್ಮನಿದ್ದರೆ ನಿನ್ನ ಪಾಡಿಗೆ ನಿನ್ನನ್ನು ಬಿಡುವುದೇ ಮರ್ಯಾದೆ. ಅವಳು ಅದನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ಕಲಿತುಬಿಟ್ಟಿದ್ದಳು.

ಮೇ ಮೊದಲ ವಾರ ಮಾತಿನ ಪರೀಕ್ಷೆ ಬಂತು. ಇಬ್ಬಿಬ್ಬರನ್ನು ಒಟ್ಟಿಗೆ ಕೂರಿಸುತ್ತಾರೆ. ನನ್ನನ್ನೂ ರವಾಕಾಳನ್ನೂ ಜೋಡಿ ಮಾಡಿದರು. ಪರೀಕ್ಷಕಿ ಮೆಲುದನಿಯ ಹೆಂಗಸು. ‘ಒಬ್ಬರ ಮನೆಯವರ ಬಗ್ಗೆ ಇನ್ನೊಬ್ಬರು ಕೇಳಿ’ ಎಂದಳು. ನಾನು ಕಲಿತ ಪ್ರಶ್ನೆಯನ್ನೇ ಕೇಳಿದೆ.

“ನಿನ್ನ ಅಮ್ಮ ಏನು ಕೆಲಸ ಮಾಡ್ತಾಳೆ?”

“ಬೆಳಿಗ್ಗೆ ರಸ್ತೆ ಬದಿಯಲ್ಲಿ ಅಕ್ಕಿಯ ಪಡ್ಡು ಮಾಡಿ ಮಾರ್ತಾ ಇದ್ದಳು” ಅಂದಳು ರವಾಕಾ.

ಪರೀಕ್ಷಕಿ ಸಹಾಯ ಮಾಡುವವಳ ಹಾಗೆ ಸ್ವಲ್ಪ ಮುಂದೆ ಬಾಗಿದಳು. “ಮಾರ್ತಾ ಇದ್ದಳು ಅಂತಾನಾ, ಮಾರ್ತಾಳೆ ಅಂತಾನಾ? ಬೇಕಾದ್ರೆ ಇನ್ನೊಂದ್ಸಲ ಹೇಳು.”

“ಮಾರ್ತಾ ಇದ್ದಳು. ಫೆಬ್ರವರಿಯಲ್ಲಿ ತೀರಿಕೊಂಡಳು. ಈಗ ಆ ಜಾಗದಲ್ಲಿ ಅತ್ತಿಗೆ ಕೂರ್ತಾಳೆ.”

ದನಿ ಏರಲಿಲ್ಲ, ಇಳಿಯಲಿಲ್ಲ. ಕ್ರಿಯಾಪದಗಳೆಲ್ಲ ತಮ್ಮ ತಮ್ಮ ಜಾಗದಲ್ಲಿದ್ದವು. ಪರೀಕ್ಷಕಿ ಪೆನ್ನು ಹಿಡಿದುಕೊಂಡೇ ಕೂತಳು. ಮುಂದಿನ ಪ್ರಶ್ನೆಯನ್ನು ರವಾಕಾಳೇ ಕೇಳಿದಳು, “ಎಗ್ಲೆ, ನಿನಗೆ ಎಷ್ಟು ಜನ ಅಕ್ಕತಂಗಿಯರು?” ನಾನು ಏನೋ ಉತ್ತರ ಕೊಟ್ಟೆ. ಇಬ್ಬರೂ ಪಾಸಾದೆವು.

ಹೊರಗೆ ಬಂದು ನಿಲ್ದಾಣದ ಬೆಂಚಿನ ಮೇಲೆ ಕೂತಾಗ ಕೇಳಿದೆ, “ನನಗೆ ಯಾಕೆ ಹೇಳಲಿಲ್ಲ?”

“ಹೇಳೋಕೆ ಮಾತು ಗೊತ್ತಿರಲಿಲ್ಲ” ಅಂದಳು. “ಇವತ್ತು ಹೇಳಿದಾಗಲೂ ಏನೂ ಆಗಲಿಲ್ಲ. ಪಾಠದ ವಾಕ್ಯ ಹೇಳಿದ ಹಾಗಾಯ್ತು.”

“ಸೋಲ್‌ಫ್ರಿಡ್‌ಗಾದ್ರೂ ಹೇಳು.”

“ನೋಡೋಣ.”

ಆ ಗುರುವಾರ ಹೇಳಿದಳು. ಗುರುವಾರ ಎಲ್ಲ ಮನೆಗಳಲ್ಲೂ ಕೊಮ್ಲೆ ಮಾಡುವ ದಿನ. ಆಲೂಗಡ್ಡೆ ತುರಿದು ಮುದ್ದೆ ಕಟ್ಟಿ ಉಪ್ಪುಮಾಂಸದ ಸಾರಿನಲ್ಲಿ ಬೇಯಿಸಿ, ಬೆಣ್ಣೆ ಹಾಕಿ ತಿನ್ನುತ್ತಾರೆ. ಸೋಲ್‌ಫ್ರಿಡ್ ಅವಳನ್ನೂ ಮೇಲೆ ಊಟಕ್ಕೆ ಕರೆದಿದ್ದಳು. ಊಟದ ನಡುವೆ ರವಾಕಾ ಪರೀಕ್ಷೆಯಲ್ಲಿ ಹೇಳಿದ ವಾಕ್ಯವನ್ನೇ ಮತ್ತೆ ಹೇಳಿದಳು.

ಸೋಲ್‌ಫ್ರಿಡ್ ಫೋರ್ಕು ಕೆಳಗಿಟ್ಟಳು. “ಯಾವಾಗ ಅಂದೆ?”

“ಫೆಬ್ರವರಿಯಲ್ಲಿ.”

“ಅಷ್ಟು ದಿನ ನನ್ನ ಕಾಲ ಕೆಳಗಿನ ಕೋಣೆಯಲ್ಲಿ ಒಬ್ಬಳೇ ಕೂತಿದ್ಯಾ?”

“ನಿನಗೆ ಬೇಜಾರು ಮಾಡೋದು ಬೇಡ ಅಂತ.”

ಸೋಲ್‌ಫ್ರಿಡ್ ಎದ್ದು ಅಪ್ಪಿಕೊಳ್ಳಲಿಲ್ಲ. ಅಪ್ಪಿಕೊಳ್ಳುವ ಹೆಂಗಸಲ್ಲ ಅವಳು. ಪಾತ್ರೆಯಿಂದ ಇನ್ನೊಂದು ಮುದ್ದೆ ತೆಗೆದು ಅವಳ ತಟ್ಟೆಗೆ ಹಾಕಿ, “ಹೆಸರೇನು ನಿನ್ನ ಅಮ್ಮನದು?” ಎಂದಳು.

“ರಸೋವಾ.”

ಮಾರನೆಯ ಬೆಳಿಗ್ಗೆ ಬಸ್ಸಿನ ಕೆಲಸಕ್ಕೆ ರಜ ಹೇಳಿ, ಅಂಗಳದ ಕಂಬಕ್ಕೆ ಬಾವುಟ ಏರಿಸಿದಳು. ತುದಿಯವರೆಗೆ ಏರಿಸಿ, ಮತ್ತೆ ಅರ್ಧಕ್ಕೆ ಇಳಿಸಿ ಹಗ್ಗ ಬಿಗಿದಳು. ಯಾರಾದರೂ ಸತ್ತರೆ ಮನೆಯವರು, ನೆರೆಯವರು ಮಾಡುವ ಪದ್ಧತಿ ಅದು. ಟೋರಲ್ಫ್ ಟ್ರ್ಯಾಕ್ಟರು ನಿಲ್ಲಿಸಿದ.

“ಹದಿನೇಳನೇ ತಾರೀಖಿನ ನಾಡಹಬ್ಬ ಇನ್ನೂ ಬಂದಿಲ್ಲ ಕಣೇ. ಹಗ್ಗ ಸಿಕ್ಕಿಹಾಕಿಕೊಂಡಿತಾ?”

“ನಮ್ಮ ಮನೇಲಿ ಸಾವಾಗಿದೆ.”

“ಯಾರು?”

“ರಸೋವಾ. ಈ ಹುಡುಗಿಯ ಅಮ್ಮ.”

ಟೋರಲ್ಫ್ ಇಳಿದು ಬಂದ. ಟೋಪಿ ತೆಗೆದು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ರವಾಕಾಳ ಕೈ ಹಿಡಿದು ಒಂದು ಮಾತು ಹೇಳಿದ. ಆ ಮಾತು ಅವಳಿಗೆ ಗೊತ್ತಿರಲಿಲ್ಲ. ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳು ಅಂದಳು. ಆತ ಪಾಪ, ಇನ್ನೊಮ್ಮೆ ಹೇಳಿದ.

“ಸತ್ತವರ ಮನೆಯವರಿಗೆ ಹೇಳೋ ಮಾತು ಅದು. ಅದಕ್ಕೆ ಥ್ಯಾಂಕ್ಸ್ ಅಂದ್ರೆ ಸಾಕು, ಇನ್ನೇನೂ ಹೇಳಬೇಕಾಗಿಲ್ಲ” ಎಂದಳು ಸೋಲ್‌ಫ್ರಿಡ್.

ಮಧ್ಯಾಹ್ನದ ಹೊತ್ತಿಗೆ ಹಾಡುಬಳಗದ ಕೆಲವರು ಬಂದರು. ಒಬ್ಬೊಬ್ಬರೂ ಕೈ ಹಿಡಿದು ಅದೇ ಮಾತು ಹೇಳಿದರು, ಅವಳು ಥ್ಯಾಂಕ್ಸ್ ಅಂದಳು. ನಾನೂ ಹೋಗಿದ್ದೆ. ಯಾರೂ ಅಳಲಿಲ್ಲ. ಕಾಫಿ ಕುಡಿದೆವು. ಸಂಜೆ ಸೋಲ್‌ಫ್ರಿಡ್ ಬಾವುಟವನ್ನು ತುದಿಗೆ ಏರಿಸಿ, ಇಳಿಸಿ ಮಡಚಿದಳು. ರವಾಕಾ ಇನ್ನೊಂದು ತುದಿ ಹಿಡಿದುಕೊಂಡಳು.

“ಹಗುರ ಆಯ್ತಾ?” ಅಂತ ಕೇಳಿದೆ.

“ಇಲ್ಲ” ಅಂದಳು. “ಆದ್ರೆ ನಿಜ ಅನ್ನಿಸ್ತು.”

ಆಮೇಲೂ ಅವಳು ಬಹಳ ಕಾಲ ಅಳು ಬಾರದೆ ಹಾಗೇ ಇದ್ದಳು. ಓದು ಮುಗಿಸಿದಳು. ನೀರಿನ ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿದ ಮೇಲೆ ಮೊದಲ ರಜೆಗೆ ಅಂತ್ಸಿರಾಬೆಗೆ ಹೋದಳು. ಸಮಾಧಿಯ ಮುಂದೆ ನಿಂತಾಗ ಕಲ್ಲು ನೋಡಿದ ಹಾಗಿತ್ತಂತೆ. ರಾತ್ರಿ ಊಟಕ್ಕೆ ಕೂತಾಗ ಅಣ್ಣ ಏನೋ ಕೇಳಿದ. ಇವಳು ಬ್ರೂನೆಯ ಹೆಂಗಸರ ಹಾಗೆ ಉಸಿರು ಒಳಗೆ ಎಳೆದುಕೊಂಡು ಹೌದು ಅಂದಳು.

“ಏನಾಯ್ತೇ, ಮೀನಿನ ಮುಳ್ಳು ಸಿಕ್ಕಿಕೊಳ್ತಾ?” ಎಂದು ನಿರಿನಾ ಗಾಬರಿಯಾಗಿ ಅವಳ ಬೆನ್ನಿಗೆ ಗುದ್ದಿದ.

ಅವಳಿಗೆ ನಗು ಬಂತು. ತಡೆಯಲು ಹೋದರೂ ನಿಲ್ಲಲಿಲ್ಲ. ಅತ್ತಿಗೆ ನೀರು ತಂದು ಕೊಡುವಷ್ಟರಲ್ಲಿ ಅಳುತ್ತಿದ್ದಳು.

ಹಿಂತಿರುಗಿ ಬಂದು ಇದನ್ನು ನನಗೆ ಹೇಳಿ ಮುಗಿಸುವಷ್ಟರಲ್ಲಿ ನಮ್ಮ ಟೀ ಆರಿಹೋಗಿತ್ತು. ಈಗ ಅವಳು ಬ್ರೂನೆಯಲ್ಲೇ ಸ್ವಂತ ಮನೆ ಮಾಡಿಕೊಂಡಿದ್ದಾಳೆ. ಹೊಸದಾಗಿ ಬಂದವರಿಗೆ ಗ್ರಂಥಾಲಯದಲ್ಲಿ ವಾರಕ್ಕೊಂದು ಸಂಜೆ ಮಾತು ಕಲಿಸುತ್ತಾಳೆ. ಯಾರ ಮನೆಯವರ ಬಗ್ಗೆಯೂ ತಾನಾಗಿ ಕೇಳುವುದಿಲ್ಲ. ಅವರಾಗಿ ಶುರು ಮಾಡಿದರೆ, ತಪ್ಪು ತಿದ್ದದೆ ಕೊನೆಯವರೆಗೂ ಕೇಳಿಸಿಕೊಳ್ಳುತ್ತಾಳೆ.