ಶಾಂತವ್ವನ ರೊಟ್ಟಿ ಬುಟ್ಟಿ

ಅಮೀರ್‌ಪೇಟ್‌ಗೆ ಮೆಟ್ರೋ ಬಂದ ವರ್ಷ ನಾನು ಅಲ್ಲಿನ ಒಂದು ಸಣ್ಣ ಕ್ಲಿನಿಕ್‌ನಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ಅದಕ್ಕೂ ಮೊದಲು ಸೇನಾ ಆಸ್ಪತ್ರೆಯಲ್ಲಿದ್ದವಳು. ಅಲ್ಲಿ ಕಾಲೆತ್ತಿ ಎಂದರೆ ರೋಗಿ ಕಾಲೆತ್ತುತ್ತಿದ್ದ. ಇಲ್ಲಿ ಎತ್ತಬೇಕೋ ಬೇಡವೋ ಎಂದು ಮನೆಮಂದಿಯೆಲ್ಲ ಚರ್ಚೆಗೆ ಕೂರುತ್ತಿದ್ದರು. ಹಾಗೆ ನನ್ನ ತಾಳ್ಮೆಯನ್ನು ಪೂರ್ತಿ ತಿಂದದ್ದು ಶಾಂತವ್ವನ ಕೇಸು.

ಶಾಂತವ್ವ ಬೀದರ್ ಕಡೆಯವರು, ಅರವತ್ತು ದಾಟಿತ್ತು. ಮನೆಯ ಮುಂದಿನ ಕೋಣೆಯಲ್ಲಿ ಜೋಳದ ರೊಟ್ಟಿ ಬಡಿದು ಸುತ್ತಲಿನ ಹಾಸ್ಟೆಲ್‌ಗಳಿಗೆ ಕೊಡುತ್ತಿದ್ದರು. ನೆಲದ ಮೇಲೆ ಕಾಲು ಮಡಚಿ ಗಂಟೆಗಟ್ಟಲೆ ಕೂತು ಎದ್ದು, ಈಗ ಎರಡೂ ಮೊಣಕಾಲು ಊದಿದ್ದವು. ಮೂಳೆ ತಜ್ಞರು ಎಕ್ಸ್-ರೇ ನೋಡಿ ಆಸ್ಟಿಯೋಆರ್ಥ್ರೈಟಿಸ್, ಅಂದರೆ ಕೀಲಿನ ಸವೆತ ಎಂದರು. ಆಪರೇಷನ್ ಈಗಲೇ ಬೇಡ, ತೊಡೆಯ ಸ್ನಾಯು ಬಲಪಡಿಸಿ, ತೂಕ ಇಳಿಸಿ, ಆರು ತಿಂಗಳ ಮೇಲೆ ನೋಡೋಣ ಎಂದು ನನ್ನ ಬಳಿ ಕಳಿಸಿದರು.

ಸವೆತ ಎಂಬ ಆ ಒಂದು ಪದವೇ ಎಲ್ಲ ಕೆಡಿಸಿತು. ಮಗ ಮಲ್ಲಿಕಾರ್ಜುನ ಅಬಿಡ್ಸ್‌ನಲ್ಲಿ ಫ್ಯಾನು, ಮಿಕ್ಸರ್ ಮಾರುವವನು.

“ಬೇರಿಂಗ್ ಸವದೈತಿ ಅಂದಮ್ಯಾಲ ಕಮ್ಮಿ ತಿರಗಿಸ್ಬೇಕಲ್ರಿ ಮೇಡಂ? ನಾ ಅವ್ವಗ ಫುಲ್ ಆರಾಮ್ ಕೊಟ್ಟೀನಿ.”

ಫುಲ್ ಆರಾಮ್ ಎಂದರೆ ಮಂಚ. ಚಹಾ, ಊಟ, ಕೈತೊಳೆಯುವ ನೀರು ಎಲ್ಲವೂ ಮಂಚದ ಬಳಿಗೇ. ರೊಟ್ಟಿಗೆ ಕೂಲಿಯ ಹೆಂಗಸರು. ಎರಡು ತಿಂಗಳಲ್ಲಿ ಶಾಂತವ್ವನ ತೂಕ ಏರಿತು, ತೊಡೆ ಸೊರಗಿತು, ಏಳಲು ಇನ್ನೊಬ್ಬರ ಕೈ ಬೇಕಾಯಿತು. ಅದನ್ನು ಕಂಡ ಮಗ ಯುಗಾದಿಗೆ ರೊಟ್ಟಿ ಕೆಲಸವನ್ನೇ ಮುಚ್ಚುವುದಾಗಿ ಹೇಳಿದ.

“ರೊಟ್ಟಿ ಬಂದ್ ಆತಂದ್ರ ನಾ ಈ ಮಂಚದ ಮ್ಯಾಲೇ ಮುಗೀತೀನ್ರಿ ಅಕ್ಕಾರ,” ಎಂದರು ಶಾಂತವ್ವ.

ಕೀಲು ಫ್ಯಾನಲ್ಲ. ಮೂಳೆಯ ತುದಿಗಿರುವ ನುಣುಪಾದ ಹೊದಿಕೆ ಕಾರ್ಟಿಲೇಜ್‌ಗೆ ರಕ್ತನಾಳಗಳಿಲ್ಲ. ಕಾಲು ಆಡಿದಾಗ ಅದು ಒತ್ತಿ ಬಿಟ್ಟ ಸ್ಪಂಜಿನಂತೆ ಕೀಲಿನೊಳಗಿನ ದ್ರವದಿಂದ ಪೋಷಣೆ ಹೀರುತ್ತದೆ. ತೊಡೆ ಗಟ್ಟಿಯಿದ್ದರೆ ಮೊಣಕಾಲಿನ ಭಾರ ಹಂಚಿಹೋಗುತ್ತದೆ. ಇದನ್ನು ಹೇಳಿದಾಗಲೆಲ್ಲ ಮಲ್ಲಿಕಾರ್ಜುನ ತಲೆಯಾಡಿಸುತ್ತಿದ್ದ. ಮರುವಾರ ಅವರ ಮನೆಗೆ ಹೋದರೆ ಮೊಣಕಾಲಿಗೆ ತಿಕ್ಕುವ ಇನ್ನೊಂದು ಎಣ್ಣೆ ಬಾಟಲಿ ಬಂದು ಕೂತಿರುತ್ತಿತ್ತು.

ತಾಯಿಯೇನು ಕಮ್ಮಿಯೇ? ವ್ಯಾಯಾಮ ಮಾಡಿದಿರಾ ಎಂದರೆ, “ಮಾಡೀನ್ರಿ.” ಯಾವಾಗ ಎಂದರೆ, “ಪೊಲೀಸ್ರಂಗ ಕೇಳ್ತೀರಲ್ರಿ!”

ಕೊನೆಗೆ ನಾನು ವ್ಯಾಯಾಮ ಎಂಬ ಮಾತನ್ನೇ ಬಿಟ್ಟೆ. ಮತ್ತೆ ನೀವೇ ರೊಟ್ಟಿ ಬಡಿಯಿರಿ ಎಂದು ಶಾಂತವ್ವನಿಗೆ ಹೇಳಿ, ಒಲೆಯನ್ನೂ ರೊಟ್ಟಿ ಬಡಿಯುವ ಕಲ್ಲನ್ನೂ ಕಟ್ಟೆಗೆ ಏರಿಸಿದೆ. ನಿಂತು ಬಡಿದರೆ ಕೈಗೆ ಜೋರು ಬರುವುದಿಲ್ಲ ಎಂದು ತಕರಾರು ಬಂತು. ಸರಿ, ಎತ್ತರದ ಕುರ್ಚಿ ಹಾಕಿಸಿದೆ. ರೊಟ್ಟಿ ಬುಟ್ಟಿಯನ್ನು ಮಾತ್ರ ಒಂದು ಸ್ಟೂಲಿನ ಮೇಲಿಟ್ಟು ಎದುರು ಗೋಡೆಗೆ ಸೇರಿಸಿದೆ. ಬೆಂದ ರೊಟ್ಟಿಯನ್ನು ಎದ್ದು ಹೋಗಿ ಅವರೇ ಬುಟ್ಟಿಗೆ ಹಾಕಿ ಬರಬೇಕು. ಮೊದಮೊದಲು ಕುರ್ಚಿಯ ಕೈ ಹಿಡಿದು, ಆಮೇಲೆ ಹಿಡಿಯದೆ. ತೊಡೆಗೆ ಇದಕ್ಕಿಂತ ಒಳ್ಳೆಯ ಕಸರತ್ತಿಲ್ಲ.

ಮರುವಾರ ಬುಟ್ಟಿ ಕುರ್ಚಿಯ ಪಕ್ಕದಲ್ಲಿತ್ತು.

“ನಾನೇ ಸರಿಸೀನ್ರಿ,” ಎಂದ ಮಗ. “ಪಾಪ, ಪ್ರತಿ ರೊಟ್ಟಿಗೂ ಏಳಬೇಕಲ್ರಿ ಅವ್ವ.”

ಗೋಡೆಗೆ ತಳ್ಳಿ ಬಂದೆ. ಅದರ ಮುಂದಿನ ವಾರವೂ ಪಕ್ಕದಲ್ಲೇ. ಮತ್ತೆ ತಳ್ಳಿದೆ. ಹೀಗೇ ನಡೆದು ಒಂದು ದಿನ ಹೋದರೆ ಸ್ಟೂಲಿಗೆ ಗಾಲಿಗಳು ಬಂದಿದ್ದವು!

“ಅವ್ವ ಕುಂತಲ್ಲೇ ಎಳ್ಕೊಬೌದ್ರಿ. ಟೆನ್ಶನ್ನೇ ಇಲ್ಲ,” ಎಂದ ಹೆಮ್ಮೆಯಿಂದ.

ಸೇನಾ ಆಸ್ಪತ್ರೆಯಲ್ಲೂ ರೋಗಿಯ ಎದುರು ದನಿ ಏರಿಸಿದವಳಲ್ಲ ನಾನು. ಅಂದು ಏರಿಸಿದೆ.

“ನಿಮ್ಮವ್ವನನ್ನು ಮಂಚಕ್ಕೆ ಕಟ್ಟಿಹಾಕುತ್ತಿರುವುದು ಮೊಣಕಾಲಲ್ಲ, ನೀವು!”

ಅವನ ಮುಖ ಸಣ್ಣದಾಯಿತು. ಹಂಚಿನ ಮೇಲೆ ರೊಟ್ಟಿ ಉಬ್ಬಿತು. ಶಾಂತವ್ವ ಅದನ್ನು ತೆಗೆದು ತಟ್ಟೆಗೆ ಹಾಕಿದರು, ಕುರ್ಚಿಯ ಕೈ ಹಿಡಿಯದೆ ನಿಧಾನವಾಗಿ ಎದ್ದರು, ಆ ಸ್ಟೂಲನ್ನು ಗೋಡೆಯವರೆಗೂ ನೂಕಿಕೊಂಡು ಹೋದರು.

“ಗಾಲಿ ಭಾಳ ಚಲೋ ಅದಾವಪ್ಪಾ,” ಎಂದರು ಮಗನಿಗೆ. “ದೂರ ದಬ್ಬಾಕ ಸಸಾರ ಆತು.”

ಮಗ ಕೆಲಸಕ್ಕೆ ಹೋದ ಮೇಲೆ ಅವರು ಏನನ್ನೂ ಹಿಡಿಯದೆ ಏಳುವುದನ್ನು ರೂಢಿಸಿಕೊಂಡಿದ್ದರು; ಮಲ್ಲಿಕಾರ್ಜುನ ಅದನ್ನು ನೋಡಿದ್ದು ಅದೇ ಮೊದಲು. ಆಮೇಲೆ ಅವನು ಬುಟ್ಟಿ ಮುಟ್ಟಲಿಲ್ಲ. ಯುಗಾದಿ ಬಂದು ಹೋಯಿತು, ರೊಟ್ಟಿ ನಿಲ್ಲಲಿಲ್ಲ. ತಜ್ಞರು ಆಪರೇಷನ್ ಮುಂದೂಡಿದರು. ಸವೆದದ್ದು ಮರಳಿ ಬರಲಿಲ್ಲ, ಚಳಿಯ ಬೆಳಗುಗಳಲ್ಲಿ ನೋವೂ ಇತ್ತು. ಆದರೆ ಶಾಂತವ್ವ ಮೆಟ್ಟಿಲನ್ನು ತಾವೇ ಹತ್ತುತ್ತಿದ್ದರು.

ಕೀಲು ಹಿಡಿದುಕೊಂಡ ಮೇಲೆ ನನ್ನಂಥವರನ್ನು ಹುಡುಕುವ ಬದಲು ಮೊದಲೇ ಕಾಲಿಗೆ ದಿನವೂ ಕೆಲಸ ಕೊಡಿ, ತೂಕ ಏರಲು ಬಿಡಬೇಡಿ ಎಂದು ಎಲ್ಲರಿಗೂ ಹೇಳುತ್ತೇನೆ. ಮನೆಯ ಹಿರಿಯರ ಮೇಲೆ ಪ್ರೀತಿಯಿದ್ದರೆ ಅವರು ಏಳುವ ಕಾರಣಗಳನ್ನು ಕಸಿಯಬೇಡಿ. ಈಗ ನನಗೂ ವಯಸ್ಸಾಗಿದೆ, ಕೂತಲ್ಲಿಗೇ ಚಹಾ ತರುವವರು ನಮ್ಮ ಮನೆಯಲ್ಲೂ ಇದ್ದಾರೆ. ಅಡುಗೆಮನೆಯಲ್ಲೇ ಇಡಿ ಎನ್ನುತ್ತೇನೆ. ಮುದುಕಿಗೆ ಸಿಡುಕು ಜಾಸ್ತಿಯಾಯಿತು ಎಂದುಕೊಳ್ಳುತ್ತಾರೆ. ಅಂದುಕೊಳ್ಳಲಿ, ನಾನು ಎದ್ದು ಹೋಗಿ ಕುಡಿಯುತ್ತೇನೆ.