ಆರ್ ಇರುವ ನಲವತ್ತು ಪದಗಳು

ನಮ್ಮ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಆ ಹಾಳೆಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ರ್‍ಯಾಟ್, ರೆಡ್, ರನ್, ರಗ್, ಕಾರ್, ಜಾರ್, ರಿಬ್. ಮೂರ್ಮೂರು ಅಕ್ಷರದ ನಲವತ್ತು ಇಂಗ್ಲಿಷ್ ಪದಗಳು, ಒಂದೊಂದರಲ್ಲೂ ಆರ್ ಇರಲೇಬೇಕು. ಪಕ್ಕದಲ್ಲಿ ಬಣ್ಣದ ಚಿತ್ರಗಳು. ರಿಬ್ ಎಂಬುದರ ಪಕ್ಕ ಒಂದು ಎಲುಬು. ನಾಲ್ಕೂವರೆ ವರ್ಷದ ಹುಡುಗಿ ಎಲುಬು ಕಟ್ಟಿಕೊಂಡು ಏನು ಮಾಡಬೇಕು, ನೀವೇ ಹೇಳಿ!

ಆ ಹುಡುಗಿ ನನ್ನ ಮಗಳು. ಅವಳಿಗೆ ರ ಹೊರಳುತ್ತಿರಲಿಲ್ಲ, ರೊಟ್ಟಿಗೆ ಲೊಟ್ಟಿ ಅನ್ನುತ್ತಿದ್ದಳು. ಮನೆಯಲ್ಲಿ ಯಾರಿಗೂ ಅದು ದೊಡ್ಡ ಸಂಗತಿಯಾಗಿರಲಿಲ್ಲ. ನಾನು ಬೆಳಿಗ್ಗೆ ಎದ್ದು ಸಿಕಂದರಾಬಾದಿನ ರಕ್ತಪರೀಕ್ಷೆಯ ಲ್ಯಾಬಿಗೆ ಓಡುವವಳು, ಹಾಗಾಗಿ ಅವಳನ್ನು ಬೆಳೆಸಿದ್ದು ನನ್ನ ಅವ್ವ. ಕೂಸಿಗೆ ಎಂಟು ತಿಂಗಳಿದ್ದಾಗ ಕಲಬುರಗಿಯಿಂದ ನಮ್ಮ ನಾರಾಯಣಗೂಡದ ಮನೆಗೆ ಬಂದವಳು ಮತ್ತೆ ಊರ ಕಡೆ ಮುಖ ಹಾಕಿರಲಿಲ್ಲ. ಮಗಳು ಅವಳನ್ನು ಆಯಿ ಎನ್ನುತ್ತಿದ್ದಳು. ಇಬ್ಬರದೂ ದಿನವಿಡೀ ಒಂದೇ ಸಮ ಹರಟೆ. ಅವ್ವ ರೊಟ್ಟಿ ಬಡಿಯುತ್ತ, "ಲೊಟ್ಟಿ ಬೇಕೇನ ನನ್ನ ಬಂಗಾರಕ್ಕ?" ಎಂದು ತಾನೇ ಅವಳ ಮಾತು ಕಲಿತುಬಿಟ್ಟಿದ್ದಳು.

ಶಾಲೆಯವರಿಗೆ ಇದು ಹಿಡಿಸಲಿಲ್ಲ. ಕ್ಲಾಸಿನಲ್ಲಿ ಬಾಯಿ ಬಿಡುವುದಿಲ್ಲ, ಬಿಟ್ಟರೂ ತಿಳಿಯುವುದಿಲ್ಲ, ಬೇಸಿಗೆಯೊಳಗೆ ಮಾತು ಸರಿಯಾಗದಿದ್ದರೆ ಇನ್ನೊಂದು ವರ್ಷ ಎಲ್‌ಕೆಜಿಯಲ್ಲೇ ಕೂರಿಸುತ್ತೇವೆ ಎಂದು ಕಡ್ಡಿ ಮುರಿದಂತೆ ಹೇಳಿದರು. ನನ್ನ ಗಂಡನ ಆಫೀಸಿನವರ್‍ಯಾರೋ ಮಣಿಕೊಂಡದಲ್ಲಿ ಮಕ್ಕಳಿಗೆ ಮಾತು ಕಲಿಸುವ ಕ್ಲಿನಿಕ್ ಇದೆ ಎಂದರು. ಶನಿವಾರ ಶನಿವಾರ ಎರಡು ಬಸ್ಸು ಬದಲಿಸಿ ಅಲ್ಲಿಗೆ ಹೋಗುವುದು ಶುರುವಾಯಿತು.

ಅಲ್ಲಿನ ಮೇಡಂ ಕೆಟ್ಟವರಲ್ಲ. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡೇ ಮಾತಾಡಿಸಿದರು. ಆಮೇಲೆ ಮನೆಯಲ್ಲಿ ಎಷ್ಟು ಭಾಷೆ ಎಂದು ಕೇಳಿದರು. ಮನೆಯೊಳಗೆ ಕನ್ನಡ, ಓಣಿಯಲ್ಲಿ ತೆಲುಗು, ಕೆಳಗಿನ ಮನೆಯವರ ಜೊತೆ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಎಂದೆ. ಅವರು ಪೆನ್ನು ಕೆಳಗಿಟ್ಟರು. ಇಷ್ಟಾದರೆ ಮಗುವಿಗೆ ಗಲಿಬಿಲಿಯಾಗದೆ ಇನ್ನೇನಾಗುತ್ತದೆ, ಮೂರು ತಿಂಗಳು ಮನೆಯಲ್ಲಿ ಬರೀ ಇಂಗ್ಲಿಷ್ ಇರಲಿ, ಅಜ್ಜಿಗೂ ಹೇಳಿ ಎಂದು ಆ ಹಾಳೆ ಕೈಗಿಟ್ಟರು.

ನಾನು ಎಂಥವಳು ಗೊತ್ತೇ? ಆಟೋದವನು ಒಂದು ತಿರುವು ಹೆಚ್ಚು ಸುತ್ತಿದರೆ ನಡುರಸ್ತೆಯಲ್ಲಿ ಇಳಿದು ಜಗಳಕ್ಕೆ ನಿಲ್ಲುವವಳು. ಲ್ಯಾಬಿನಲ್ಲಿ ಡಾಕ್ಟರಿಗೇ ಎದುರು ಮಾತಾಡುವವಳು. ನಾನೂ ಮೂರು ಭಾಷೆಯ ಓಣಿಯಲ್ಲೇ ಬೆಳೆದೆ, ನನಗೇನು ತಲೆ ಕೆಟ್ಟಿದೆಯೇ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಕುರಿಯ ಹಾಗೆ ಕತ್ತು ಆಡಿಸಿ ಬಂದೆ. ಮಗಳು ಹಿಂದೆ ಬಿದ್ದರೆ ಎಂಬ ಹೆದರಿಕೆ ನನ್ನ ಬಾಯಿ ಕಟ್ಟಿತ್ತು.

ಅವತ್ತು ಸಂಜೆ ಅವ್ವನಿಗೆ ಹೇಳಿದೆ. "ಇಂಗ್ಲಿಷ್ ಬಿಟ್ಟು ಬ್ಯಾರೆ ಮಾತು ಕೂಸಿನ ಕಿವೀಗೆ ಬೀಳಬಾರದಂತ ಅವ್ವ."

"ಹಂಗಾದ್ರ ನಾ ಏನ ಮಾತಾಡ್ಲಿ?"

"ನೀನೂ ಈ ಹಾಳಿ ನೋಡಿ ರೆಡ್, ರನ್ ಅನ್ನು. ಭಾಳ ಸಣ್ಣ ಸಣ್ಣ ಶಬ್ದ ಅದಾವು."

"ಬ್ಯಾಡವ್ವ. ನಾ ತಪ್ಪ ಅಂದ್ರ ಅದೂ ತಪ್ಪ ಕಲೀತೈತಿ. ನಾ ಸುಮ್ನ ಇರ್ತೀನಿ ಬಿಡು. ಕೂಸಿಗೆ ಛಲೋ ಆದ್ರ ಸಾಕು."

ಎರಡು ದಿನಕ್ಕೆ ಮರೆಯುತ್ತಾಳೆ ಅಂದುಕೊಂಡೆ. ಹುಟ್ಟಿದಾಗಿನಿಂದ ಯಾರ ಮಾತೂ ಕೇಳದ ಹೆಂಗಸು, ಇದನ್ನು ಮಾತ್ರ ವ್ರತದಂತೆ ಹಿಡಿದಳು. ಉಣ್ಣಿಸುವಾಗ ತುತ್ತು ತೋರಿಸಿ ತಾನೇ ಬಾಯಿ ತೆರೆಯುವಳು. ಸ್ನಾನಕ್ಕೆ ಕರೆಯುವುದಕ್ಕೆ ತಂಬಿಗೆ ಬಡಿಯುವಳು. ಊರಿನಿಂದ ಚಿಕ್ಕಮ್ಮನ ಫೋನು ಬಂದರೆ ಮಾಳಿಗೆ ಹತ್ತುವಳು. ಒಂದು ಭಾನುವಾರ ಬಟ್ಟೆ ಒಣಹಾಕಲು ಹೋದರೆ ನೀರಿನ ಟ್ಯಾಂಕಿನ ಮರೆಯಲ್ಲಿ ಉರಿಬಿಸಿಲಿಗೆ ಕೂತು ಚಿಕ್ಕಮ್ಮನ ಜೊತೆ ಗಂಟಲು ಬಿಟ್ಟು ಮಾತಾಡುತ್ತಿದ್ದಳು. ಅದೂ ಏನು ಮಹಾ ವಿಷಯ? ಪುಂಡಿಪಲ್ಲೆಗೆ ಬೇಳೆ ಎಷ್ಟು ಹಾಕಬೇಕು ಎಂಬುದು. ಬಟ್ಟೆ ಒಣಹಾಕದೆ ಕೆಳಗಿಳಿದು ಬಂದೆ.

ಇತ್ತ ನಾನು ಲ್ಯಾಬಿನಿಂದ ಬಂದ ಕೂಡಲೇ ಹಾಳೆ ಹಿಡಿಯುತ್ತಿದ್ದೆ. ರ್‍ಯಾಟ್ ಅನ್ನು. ಲ್ಯಾಟ್. ಅಲ್ಲ, ರ್‍ಯಾಟ್. ಲ್ಯಾಟ್. ಒಮ್ಮೆ ಸಿಟ್ಟು ತಡೆಯದೆ ಹಾಳೆಯನ್ನು ನೆಲಕ್ಕೆ ಒಗೆದೆ. ಮಗಳು ಅದನ್ನು ಎತ್ತಿ ಫ್ರಿಜ್ಜಿಗೆ ಒತ್ತಿ ಹಿಡಿದು ನಿಂತಳು, ಅಳಲೂ ಇಲ್ಲ. ಏಳೆಂಟು ವಾರಕ್ಕೆ ರ ನಿಧಾನ ಬಂತು. ಮೇಡಂ ಅವಳ ಕೈಗೆ ನಕ್ಷತ್ರದ ಸ್ಟಿಕ್ಕರ್ ಅಂಟಿಸಿದರು. ಆದರೆ ಮನೆಯಲ್ಲಿ ಮಗಳು ಟೆಲಿಗ್ರಾಂ ಕಳಿಸುವಂತೆ ಒಂದೊಂದೇ ಪದ ಆಡತೊಡಗಿದ್ದಳು. ಕಾರ್. ರೆಡ್. ರನ್. ಮುಗಿಯಿತು. ಕಥೆ ಇಲ್ಲ, ಚಾಡಿ ಇಲ್ಲ, ಹಟ ಕೂಡ ಇಲ್ಲ.

"ಇದೇನ್ರಿ ಇದು, ಹುಡುಗಿ ಮೊದಲಿನಷ್ಟೂ ಮಾತಾಡವಲ್ಲದು!" ಎಂದು ಒಂದು ರಾತ್ರಿ ಮಗಳು ಮಲಗಿದ ಮೇಲೆ ಗಂಡನ ಮೇಲೆ ಹರಿಹಾಯ್ದೆ.

"ನೀ ಯಾಕ ಸಿಟ್ಟಾಗಾಕತ್ತಿ? ಇನ್ನ ಒಂದ ತಿಂಗಳ ಅಷ್ಟ. ಆರ್ ಎಷ್ಟ ಛಂದ ಅನ್ನಾಕತ್ತಾಳ ನೋಡು."

ಛಂದವೇನೋ ಹೌದು. ಆ ಛಂದಕ್ಕೆ ಬೆಂಕಿ ಬೀಳಲಿ ಅನ್ನಿಸಿತು, ಆದರೂ ಸುಮ್ಮನಾದೆ. ಅಲ್ಲಿಯೂ ಸುಮ್ಮನಾದವಳು ನಾನೇ.

ಒಂದು ಸಂಜೆ ಕೆಲಸದಿಂದ ಬಂದಾಗ ಬಾಗಿಲು ತೆರೆದೇ ಇತ್ತು. ಮಗಳು ಅವ್ವನನ್ನು ಅಡುಗೆಮನೆಯ ನೆಲದ ಮೇಲೆ ಗೋಡೆಗೊರಗಿಸಿ ಕೂರಿಸಿದ್ದಳು. ಫ್ರಿಜ್ಜಿನಿಂದ ಕಿತ್ತ ಹಾಳೆ ಅವಳ ಒಂದು ಕೈಯಲ್ಲಿ, ಇನ್ನೊಂದರಲ್ಲಿ ಪೆನ್ಸಿಲ್. ಪೆನ್ಸಿಲಿನಿಂದ ಒಂದೊಂದೇ ಚಿತ್ರ ಮುಟ್ಟಿ ಅವ್ವನ ಮುಖ ನೋಡುವಳು. ಅವ್ವ ತುಟಿ ಬಿಗಿಹಿಡಿದು ತಲೆಯಾಡಿಸುವಳು. ಮಗಳು ಅವ್ವನ ಗಲ್ಲ ಹಿಡಿದು ಬಾಯಿ ತೆರೆಯಲು ನೋಡಿದಳು. ಆಗಲಿಲ್ಲ. ನನ್ನನ್ನು ಕಂಡದ್ದೇ ಓಡಿ ಬಂದು ದುಪಟ್ಟಾ ಹಿಡಿದಳು. ಎಷ್ಟೋ ವಾರದ ಮೇಲೆ ಅವಳ ಬಾಯಿಂದ ಪೂರ್ತಿ ಮಾತು ಬಂತು, ಅದೂ ಕನ್ನಡದಲ್ಲಿ.

"ಮಮ್ಮಿ, ಆಯಿಗೆ ಮಾತ ಬರೋದಿಲ್ಲ. ಆಯೀನೂ ಮೇಡಂ ಹತ್ರ ಕರ್ಕೊಂಡ ಹೋಗೂಣು."

ಅಷ್ಟು ಹೇಳಿ ಬಿಕ್ಕಿ ಬಿಕ್ಕಿ ಅಳತೊಡಗಿದಳು. ಒಂದು ರ ಕೂಡ ತಪ್ಪಿರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು, ಯಾರ ಮೇಲೆ ಎಂದು ಹೇಳಬೇಕಾಗಿಲ್ಲ.

ಅವ್ವ ಗೋಡೆ ಹಿಡಿದು ಎದ್ದಳು. ಮಗಳ ಕಡೆ ಎರಡು ಕೈ ಚಾಚಿ, ಅಲ್ಲೇ ತಡೆದು, ನನ್ನ ಮುಖ ನೋಡಿದಳು. ನನ್ನನ್ನು ಹಡೆದವಳು, ನನಗೆ ಮಾತು ಕಲಿಸಿದವಳು, ಮೆಲ್ಲಗೆ ಕೇಳಿದಳು:

"ಕೂಸು ಭಾಳ ಅಂಜೈತಿ. ನಾ ಒಂದ ಮಾತ ಆಡ್ಲೇನವ್ವ?"